ಅತಿವಾಹಕ ತಂತಿ: ಲೋಹ ಸಿಕ್ಕಮೇಲೂ ತಂತಿ ಆಗಲು ಐವತ್ತು ವರ್ಷ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೋಟರ್ ವೈಂಡಿಂಗಿಗೆ ತಂತಿ ಕೇಳಿದರೆ ಅಂಗಡಿಯವರ ಮೊದಲ ಪ್ರಶ್ನೆ, ‘ಯಾವ ಗೇಜು?’ ತಾಮ್ರಕ್ಕೆ ಅಷ್ಟು ಸಾಕು. ಅತಿವಾಹಕ ತಂತಿಗೆ ಮೂರು ಪ್ರಶ್ನೆ: ಎಷ್ಟು ತಂಪು, ಎಷ್ಟು ಕಾಂತಕ್ಷೇತ್ರ, ಎಷ್ಟು ಕರೆಂಟು? ತಾಪ, ಕ್ಷೇತ್ರ, ಕರೆಂಟು ಇವುಗಳಲ್ಲಿ ಒಂದನ್ನು ಏರಿಸಿದರೆ ಉಳಿದವುಗಳ ಮಿತಿ ಇಳಿಯುತ್ತದೆ. ಮೂರರಲ್ಲಿ ಯಾವುದು ಮಿತಿ ಮೀರಿದರೂ ಅದು ಅತಿವಾಹಕವಾಗಿ ಉಳಿಯುವುದಿಲ್ಲ.

ವಿದ್ಯುತ್ತಿಗೆ ರೋಧವನ್ನೇ ಒಡ್ಡದ ವಸ್ತು ಅತಿವಾಹಕ. 1911ರಲ್ಲಿ ನೆದರ್ಲೆಂಡ್ಸ್‌ನ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ನಸ್ ಪಾದರಸದಲ್ಲಿ ಈ ಗುಣ ಕಂಡರು, ಅದೂ 4.2 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 269 ಡಿಗ್ರಿಯಲ್ಲಿ. ಆದರೆ ಇಂಥ ಶುದ್ಧ ಲೋಹಗಳಿಂದ ಬಲವಾದ ಕಾಂತ ಕಟ್ಟಲಾಗದು. ಸೀಸವಂತೂ 0.08 ಟೆಸ್ಲಾ ಕಾಂತಕ್ಷೇತ್ರಕ್ಕೇ ಕೈಚೆಲ್ಲುತ್ತದೆ. 1961ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಕುನ್ಜ್ಲರ್ ಮತ್ತು ಸಂಗಡಿಗರು ನಯೋಬಿಯಂ ಕೊಳವೆಗೆ ನಯೋಬಿಯಂ, ತವರದ ಪುಡಿ ತುಂಬಿ, ಸಣ್ಣಗೆ ಎಳೆದು, ಆಮೇಲೆ ಕಾಯಿಸಿದರು. ಒಳಗೆ ಹುಟ್ಟಿದ ಸಂಯುಕ್ತ 8.8 ಟೆಸ್ಲಾದಲ್ಲೂ ಚದರ ಮಿಲಿಮೀಟರಿಗೆ 1,000 ಆಂಪಿಯರ್‌ಗೂ ಹೆಚ್ಚು ಹೊತ್ತಿತು. ಕಾಯಿಸಿದ ಮೇಲೆ ಅದು ಗಾಜಿನಂತೆ ಪೆಡಸು. ಹಾಗಾಗಿ ಸುರುಳಿ ಸುತ್ತಿದ ನಂತರವೇ ಸುಮಾರು 650 ಡಿಗ್ರಿಯಲ್ಲಿ ದಿನಗಟ್ಟಲೆ ಬೇಯಿಸುವುದು ವಾಡಿಕೆ.

ಎಂಆರ್‌ಐ ಯಂತ್ರಗಳಲ್ಲಿ ಇರುವುದು ಹೆಚ್ಚಾಗಿ ಬಗ್ಗುವ ನಯೋಬಿಯಂ-ಟೈಟೇನಿಯಂ ಮಿಶ್ರಲೋಹ. ತೂಕದಲ್ಲಿ ಟೈಟೇನಿಯಂ ನೂರಕ್ಕೆ ಸುಮಾರು 47 ಪಾಲು. ಅದರ ಸರಳುಗಳನ್ನು ತಾಮ್ರದ ಕೊಳವೆಗೆ ತೂರಿಸಿ, ಷಟ್ಕೋನಕ್ಕೆ ಎಳೆದು, ನೂರಾರನ್ನು ದೊಡ್ಡ ತಾಮ್ರದ ಡಬ್ಬಿಯೊಳಗೆ ಜೋಡಿಸಿ ಮತ್ತೆ ಎಳೆಯುತ್ತಾರೆ. ನಡುನಡುವೆ 400 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಕಾಯಿಸಿದಾಗ ಟೈಟೇನಿಯಂ ಸಣ್ಣ ಕಣಗಳಾಗಿ ಬೇರ್ಪಡುತ್ತದೆ. ಹಗ್ಗ ಕಟ್ಟಿದ ದನವನ್ನು ಗೂಟ ಹಿಡಿದಿಟ್ಟ ಹಾಗೆ ಈ ಕಣಗಳು ಕಾಂತರೇಖೆಗಳನ್ನು ಕದಲದಂತೆ ಹಿಡಿಯುತ್ತವೆ. ರೇಖೆ ಕದಲಿದರೆ ಕಾವು ಹುಟ್ಟುತ್ತದೆ. ಎಡವಟ್ಟು ಏನೆಂದರೆ ಇದೇ ಶಾಖಕ್ಕೆ ತಾಮ್ರ, ಟೈಟೇನಿಯಂ ಬೆರೆತು ಗಟ್ಟಿ ಗಂಟುಗಳಾಗುತ್ತವೆ. ಗಂಟು ಎಳೆತಕ್ಕೆ ಸಿಗುವುದಿಲ್ಲ, ಸರಳು ಸಣ್ಣಗಾಗಿ ಆದ ಪಕ್ಕದ ಎಳೆ ಸಣಕಲಾಗಿ ಕಡಿಯುತ್ತದೆ. ಅದಕ್ಕೇ ಪ್ರತಿ ಸರಳಿಗೂ ನಯೋಬಿಯಂ ಹಾಳೆಯ ಹೊದಿಕೆ.

ಎಳೆಗಳು ಕೂದಲಿಗಿಂತ ಸಣ್ಣಗಿರಬೇಕು, ಇಲ್ಲದಿದ್ದರೆ ಕಾಂತರೇಖೆಗಳು ಹಿಂಡಾಗಿ ಜಿಗಿದು ಎಳೆ ಬಿಸಿಯಾಗುತ್ತದೆ. ಸಣ್ಣಗಿದ್ದರೂ ಸಾಲದು, ತಂತಿಯನ್ನು ತಿರುಚಬೇಕು. ತಿರುಚದೆ ಬಿಟ್ಟರೆ ಕ್ಷೇತ್ರ ಬದಲಾಗುವಾಗ ಎಳೆಗಳು ತಾಮ್ರದ ಮೂಲಕ ಒಂದಕ್ಕೊಂದು ಜೋಡಿಯಾಗಿ ಒಂದೇ ದಪ್ಪ ಎಳೆಯಂತೆ ವರ್ತಿಸುತ್ತವೆ. ಪಟ್ಟ ಶ್ರಮವೆಲ್ಲ ವ್ಯರ್ಥ.

ಇನ್ನು ತಾಮ್ರ ಬರೀ ಹೊದಿಕೆಯಲ್ಲ. ಎಲ್ಲೋ ಒಂದು ಬಿಂದು ಬೆಚ್ಚಗಾಗಿ ಅತಿವಾಹಕತೆ ಕಳೆದುಕೊಂಡರೆ ಅಷ್ಟೂ ಕರೆಂಟು ತಾಮ್ರಕ್ಕೆ ಹೊರಳುತ್ತದೆ. ತಾಮ್ರ ಕಡಿಮೆಯಿದ್ದರೆ ತಂತಿ ಅಲ್ಲೇ ಸುಟ್ಟೀತು. ಕಾವು ಹಬ್ಬಿ ಇಡೀ ಸುರುಳಿ ಅತಿವಾಹಕತೆ ಕಳೆದುಕೊಳ್ಳುವುದಕ್ಕೆ ‘ಕ್ವೆಂಚ್’ ಎನ್ನುತ್ತಾರೆ. ಸುರುಳಿಯನ್ನು ತಂಪಾಗಿಡುವ ದ್ರವ ಹೀಲಿಯಂ ಆಗ ಕುದಿದು ಅನಿಲವಾಗಿ ಸುಮಾರು 700 ಪಟ್ಟು ಹಿಗ್ಗುತ್ತದೆ. ಎಷ್ಟೋ ಎಂಆರ್‌ಐ ಕೋಣೆಗಳಿಂದ ಕಟ್ಟಡದ ಹೊರಗೆ ಚಾಚಿದ ದಪ್ಪ ಕೊಳವೆ ಇರುವುದು ಇದಕ್ಕಾಗಿಯೇ.

1987ರಲ್ಲಿ ಬಂದ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡಿಗೆ ಅಗ್ಗದ ದ್ರವ ಸಾರಜನಕವೇ ಸಾಕು. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಬೆಂಗಳೂರಿನ ಐಐಎಸ್‌ಸಿ) ಸಿ.ಎನ್.ಆರ್. ರಾವ್ ಅವರ ತಂಡವೂ ಅದರ ಮೇಲೆ ದುಡಿದಿತ್ತು. ಅದು ಸೆರಾಮಿಕ್, ಎಳೆದರೆ ಒಡೆಯುತ್ತದೆ. ಹಾಗಾಗಿ ನಿಕ್ಕಲ್ ಮಿಶ್ರಲೋಹದ ತೆಳು ಪಟ್ಟಿಯ ಮೇಲೆ, ಹರಳುಗಳೆಲ್ಲ ಒಂದೇ ದಿಕ್ಕಿಗೆ ಕೂರುವಂತೆ, ಮೈಕ್ರಾನ್ ಲೆಕ್ಕದ ಪೊರೆಯಾಗಿ ಬೆಳೆಸುತ್ತಾರೆ. ಇದನ್ನು ತಂತಿ ಅನ್ನುವುದಕ್ಕಿಂತ ಪಟ್ಟಿ ಅನ್ನುವುದೇ ಸರಿ. ಬೆಸೆಯುವಾಗ ಕಡಿಮೆ ಶಾಖಕ್ಕೆ ಕರಗುವ ಬೆಸುಗೆಯನ್ನೇ ಬಳಸಬೇಕು, ಕಾವು ಮೀರಿದರೆ ಪೊರೆಯ ಆಮ್ಲಜನಕ ಹಾರಿಹೋಗಿ ಆ ಜಾಗ ಸಾಯುತ್ತದೆ.