ಟ್ಯಾಂಕ್ ಒಂದೇ ಬರುವುದಿಲ್ಲ

ಪ್ರಶ್ನೆ: ಗುಡ್ಡಗಾಡಿನಲ್ಲಿ ಹೋರಾಡುವ ಕಾಲಾಳು ಪಡೆಗೆ ನಾಲ್ಕು ಟ್ಯಾಂಕ್ ಕೊಟ್ಟರೆ ಬಲ ಬರುತ್ತದಲ್ವಾ? ಅದಕ್ಕೆ ಯಾಕೆ ಅಷ್ಟೊಂದು ತಯಾರಿ?

ಉತ್ತರ: ಶಿವಮೊಗ್ಗ ದಸರಾಕ್ಕೆ ಸಕ್ರೆಬೈಲಿನ ಆನೆ ಬರುವುದನ್ನು ನೋಡಿದ್ದೀರಲ್ಲ. ಆನೆ ಒಂದೇ ಬರುತ್ತದಾ? ಮಾವುತ, ಕಾವಾಡಿ, ಮೇವು, ಎಲ್ಲ ಜೊತೆಗೇ. ಟ್ಯಾಂಕೂ ಹಾಗೇ.

ಕಾಲಾಳು ಪಡೆಯ ಖರ್ಚು ಕಡಿಮೆ. ಎರಡು ಮೂರು ದಿನದ ಊಟ, ಗುಂಡು ಸೈನಿಕನ ಬೆನ್ನ ಮೇಲೇ ಇರುತ್ತದೆ. ಉಳಿದಿದ್ದನ್ನು ಜೀಪು, ಹೇಸರಗತ್ತೆ ಮುಟ್ಟಿಸುತ್ತವೆ. ಟ್ಯಾಂಕ್ ಬಂತು ಅಂದರೆ ಲೆಕ್ಕವೇ ಬೇರೆ. ನಮ್ಮ ಸೇನೆಯ ಟಿ-72 ತೂಗುವುದು 40 ಟನ್ನಿಗೂ ಜಾಸ್ತಿ. ಹಿಂದೆ ಕಟ್ಟುವ ಡ್ರಮ್ಮು ಬಿಟ್ಟೇ ಸುಮಾರು 1,200 ಲೀಟರ್ ಡೀಸೆಲ್ ಹಿಡಿಯುತ್ತದೆ. ಅಮೆರಿಕದ ಎಬ್ರಾಮ್ಸ್ ಸುಮಾರು 1,900 ಲೀಟರ್. ಅದರದು ಟರ್ಬೈನ್ ಇಂಜಿನ್, ಸುಮ್ನೆ ನಿಂತಿದ್ದರೂ ಕುಡಿಯುತ್ತಲೇ ಇರುತ್ತದೆ.

ನನ್ನನ್ನು ಕೇಳಿದರೆ ತಲೆನೋವು ಶುರುವಾಗುವುದು ಆ ಡೀಸೆಲ್ ತರುವ ಲಾರಿಯಿಂದ. ಟ್ಯಾಂಕ್ ಹಿಟಾಚಿಯ ಹಾಗೆ ಚೈನ್ ಮೇಲೆ ಓಡುತ್ತದೆ, ರಸ್ತೆ ಇಲ್ಲದ ಕಡೆಗೂ ನುಗ್ಗುತ್ತದೆ. ಲಾರಿಗೆ ರಸ್ತೆ ಬೇಕೇ ಬೇಕು. ಆಷಾಢದ ಮಳೆಯಲ್ಲಿ ತೋಟದ ದಾರಿಗೆ ಲೋಡ್ ಲಾರಿ ಇಳಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೂತ ಲಾರಿಗೆ ಜೀಪು ಕಟ್ಟಿ ಎಳೆದರೆ ಜೀಪಿನ ಚಕ್ರ ಅಲ್ಲೇ ತಿರುಗುತ್ತದೆ, ಎಳೆದವನ ಮುಖಕ್ಕೆಲ್ಲ ಕೆಸರು. ಟ್ಯಾಂಕ್ ಹೂತರೆ ಎಳೆಯಲು ಅದೇ ಮೈಕಟ್ಟಿನ ಇನ್ನೊಂದು ಗಾಡಿ ಬೇಕು. ಕಾಲಾಳು ಪಡೆಯ ಹತ್ತಿರ ಅದಿರುವುದಿಲ್ಲ. ಟ್ಯಾಂಕ್ ಮೆಕ್ಯಾನಿಕ್, ಸ್ಪೇರು, ಅದರ ತೋಪಿನ ಗುಂಡು, ಇವೂ ಇರುವುದಿಲ್ಲ. ಹಾಗಾಗಿ ಟ್ಯಾಂಕ್ ಕಳಿಸುವವರೇ ಇದನ್ನೆಲ್ಲ ಸೇರಿಸಿ ಕಳಿಸಬೇಕು. ಆನೆ ಕೊಟ್ಟು ಅಂಕುಶಕ್ಕೆ ಚೌಕಾಸಿ ಮಾಡಿದರೆ ನಡೆಯುವುದಿಲ್ಲ.

ಇದನ್ನು ಮಾಡಿ ತೋರಿಸಿದವರು ಕೊಡಗಿನ ತಿಮ್ಮಯ್ಯ, ಆಗ ಮೇಜರ್ ಜನರಲ್. 1948ರ ನವೆಂಬರ್ 1ರಂದು, ಕಾಶ್ಮೀರದಿಂದ ಲಡಾಖಿಗೆ ದಾಟುವ, ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಘಾಟಿಗೆ ಸ್ಟುವರ್ಟ್ ಟ್ಯಾಂಕ್ ಹತ್ತಿಸಿದರು. ಎದುರಿದ್ದ ಪಾಕಿಸ್ತಾನದ ಕಡೆಯವರಿಗೆ ಅಷ್ಟು ಮೇಲೆ ಟ್ಯಾಂಕ್ ಬರಬಹುದು ಅನ್ನುವ ಕಲ್ಪನೆಯೇ ಇರಲಿಲ್ಲ. ಸ್ಟುವರ್ಟ್ ಹಗುರವೇ, ಸುಮಾರು 15 ಟನ್. ಆದರೂ ಅಲ್ಲಿದ್ದದ್ದು ಹೇಸರಗತ್ತೆ ಓಡಾಡುವ ದಾರಿ. ಮದ್ರಾಸ್ ಸ್ಯಾಪರ್ಸ್ (ದಾರಿ, ಸೇತುವೆ ಮಾಡುವ ಸೇನೆಯ ಇಂಜಿನಿಯರ್ ಪಡೆ, ಇವರ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ) ಅದನ್ನು ಕಡಿದು ಅಗಲ ಮಾಡಿದರು. ಗುಟ್ಟು ಬಯಲಾಗದಿರಲಿ ಅಂತ ಟ್ಯಾಂಕಿನ ಮೇಲಿನ ಗೋಪುರ ಬಿಚ್ಚಿ, ಬೇರೆಯಾಗಿ ಸಾಗಿಸಿದ್ದರು. ದಾರಿ ಆದಮೇಲೇ ಟ್ಯಾಂಕ್ ಹತ್ತಿದ್ದು.