ಗಂಟು ಕಣ್ಣಿಗೆ ಕಾಣ್ತಿದೆ, ಮೊದಲು ಇಂಜೆಕ್ಷನ್ ಯಾಕೆ?

ಪ್ರಶ್ನೆ: ನಮ್ಮ ಮಾವಗ ಅಂಗಾಲಿನಾಗ ಮೆಲನೋಮ ಆಗಿ ತೊಡೆಸಂದ್ಯಾಗ ಗಂಟು ಬಂದಾವ್ರಿ. ಡಾಕ್ಟರು ಮೊದಲ ಇಂಜೆಕ್ಷನ್, ಆಮ್ಯಾಲ ಆಪರೇಷನ್ ಅಂತಾರ. ಮೊದಲ ಕೊಯ್ದು ತಗದ್ರ ಚಲೋ ಅಲ್ಲೇನ್ರಿ? (ಜಮಖಂಡಿಯ ಓದುಗರು)

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತದೆ. ಮುಧೋಳದಿಂದ, ಇಂಡಿಯಿಂದ, ಗೋಕಾಕದಿಂದ. ಊರು ಬೇರೆ, ಮಾತು ಒಂದೇ: "ಗಂಟು ಹೊರಗೆ ಬಿದ್ದರೆ ರೋಗ ಹೋದಂಗೆ." ಇಲ್ಲ, ಹೋಗುವುದಿಲ್ಲ.

ಮೆಲನೋಮ ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್. ಅಂಗಾಲಿನ ರೋಗ ತೊಡೆಸಂದಿಗೆ ಬಂದಿದೆ ಅಂದರೆ ಅದು ಆಗಲೇ ದಾರಿ ಹಿಡಿದಿದೆ. ಸ್ಕ್ಯಾನಿಗೂ ಸಿಗದಷ್ಟು ಸಣ್ಣದಾಗಿ ಬೇರೆ ಕಡೆ ಕೂತಿರಬಹುದು. ಸರ್ಜನ್ ಎಷ್ಟೇ ಜಾಣರಿರಲಿ, ಕಂಡಿದ್ದನ್ನು ಮಾತ್ರ ತೆಗೆಯಬಲ್ಲರು.

ಈ ಇಂಜೆಕ್ಷನ್ ಹಳೆಯ ಕೀಮೋ ಅಲ್ಲ. ರೋಗದ ವಿರುದ್ಧ ಹೋರಾಡುವ ನಮ್ಮದೇ ರಕ್ತದ ಟಿ-ಕೋಶಗಳಿಗೆ ಕ್ಯಾನ್ಸರ್ ಹಾಕಿಟ್ಟ ಬ್ರೇಕನ್ನು ಇದು ಬಿಡಿಸುತ್ತದೆ. ಆ ಬ್ರೇಕ್ ಬಿಡಿಸುವ ದಾರಿ ಕಂಡುಹಿಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಟಿ-ಕೋಶಗಳು ಹೊಡೆಯಬೇಕಾದರೆ ಗುರುತು ಬೇಕು. ಕಳ್ಳ ಊರಲ್ಲಿದ್ದಾಗಲೇ ಎಲ್ಲರಿಗೂ ಅವನ ಮುಖ ತೋರಿಸಿಟ್ಟರೆ, ಅವನ ಜೊತೆಗಾರರು ಎಲ್ಲಿ ಅಡಗಿದ್ದರೂ ಸಿಗುತ್ತಾರೆ. ಗಂಟು ಇರುವಾಗ ಔಷಧಿ ಕೊಡುವುದು ಇದಕ್ಕೇ.

ಇದು ಸುಮ್ನೆ ಹೇಳುವ ಮಾತಲ್ಲ. ಅಮೆರಿಕದಲ್ಲಿ 313 ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ಎರಡಕ್ಕೂ ಒಂದೇ ಔಷಧಿ, ಈ ಬ್ರೇಕ್ ಬಿಡಿಸುವ ಪೆಂಬ್ರೊಲಿಜುಮ್ಯಾಬ್. ಎರಡಕ್ಕೂ 18 ಡೋಸ್. ಒಂದು ಗುಂಪಿಗೆ ಆಪರೇಷನ್ ಆದ ಮೇಲೆ ಅಷ್ಟೂ ಡೋಸ್. ಇನ್ನೊಂದಕ್ಕೆ ಆಪರೇಷನ್ನಿಗೆ ಮೊದಲು 3, ಆಮೇಲೆ 15. ಫಲಿತಾಂಶ 2023ರಲ್ಲಿ ಬಂತು. ಎರಡು ವರ್ಷದ ಲೆಕ್ಕದಲ್ಲಿ ರೋಗ ತಿರುಗಿ ಬರದೆ, ಚಿಕಿತ್ಸೆ ಹಳಿ ತಪ್ಪದೆ ಉಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 49, ಎರಡನೆಯದರಲ್ಲಿ 72. ಒಂದು ಹನಿ ಔಷಧಿಯೂ ಜಾಸ್ತಿ ಇಲ್ಲ. ಬದಲಾಗಿದ್ದು ಸರದಿ ಮಾತ್ರ. ದಯವಿಟ್ಟು ಈ ಸಾಲನ್ನು ಮನೆಯ ಹಿರಿಯರಿಗೆ ಓದಿ ಹೇಳಿ.

2024ರಲ್ಲಿ ನಾಡಿನಾ ಎಂಬ ಪರೀಕ್ಷೆಯ ಫಲಿತಾಂಶ ಬಂತು. 423 ಜನ. ಒಂದು ಗುಂಪಿಗೆ ಇದೇ ಥರದ ಇಪಿಲಿಮುಮ್ಯಾಬ್, ನಿವೊಲುಮ್ಯಾಬ್ ಎರಡನ್ನೂ ಸೇರಿಸಿ ಎರಡೇ ಡೋಸ್, ನಂತರ ಆಪರೇಷನ್. ಇನ್ನೊಂದಕ್ಕೆ ಮೊದಲೇ ಆಪರೇಷನ್. ಔಷಧಿ ಮೊದಲು ಪಡೆದವರಲ್ಲಿ ನೂರಕ್ಕೆ 59 ಜನರ ಗಂಟಿನಲ್ಲಿ ಜೀವಂತ ಕ್ಯಾನ್ಸರ್ ಇರಲಿಲ್ಲ ಅಥವಾ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಉಳಿದಿರಲಿಲ್ಲ. ಅವರಿಗೆ ಮುಂದೆ ಔಷಧಿಯೇ ಬೇಕಾಗಲಿಲ್ಲ. ಇಂಥ ಗಂಟು ತೆಗೆದಾಗ ಕಪ್ಪಗೇ ಕಾಣಬಹುದು. ಆದರೆ ಮೈಕ್ರೋಸ್ಕೋಪಿನ ಕೆಳಗೆ ಸಿಗುವುದು ಬರೀ ಗಾಯದ ಕಲೆ, ಮತ್ತು ಸತ್ತ ಕ್ಯಾನ್ಸರಿನ ಕಪ್ಪು ಬಣ್ಣ ನುಂಗಿ ಕೂತ ಸ್ವಚ್ಛತಾ ಕೋಶಗಳು.

ಹಾಗಂತ ಎಲ್ಲರಿಗೂ ಹಿಡಿಯುತ್ತೆ ಅಂತಲ್ಲ. ಕೆಲವರಿಗೆ ಆಪರೇಷನ್ನಿಗೆ ಮೊದಲಿನ ಆ ವಾರಗಳಲ್ಲೇ ಗಂಟು ಬೆಳೆಯುತ್ತದೆ. ಅದಕ್ಕೇ ಹೇಳಿದ ದಿನಕ್ಕೆ ತೋರಿಸಲೇಬೇಕು. ಥೈರಾಯ್ಡ್, ಕರುಳು, ಲಿವರ್ ಉರಿಯೂತ ಬರಬಹುದು. ಭೇದಿ ಶುರುವಾದರೆ ಊಟದ ವ್ಯತ್ಯಾಸ ಅಂದುಕೊಂಡು ಮನೆಮದ್ದು ಮಾಡಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಅಂಗಾಲಿನ ಮೆಲನೋಮಕ್ಕೆ ಈ ಔಷಧಿಗಳ ಹಿಡಿತ ಸ್ವಲ್ಪ ಕಡಿಮೆ. ಖರ್ಚು ಲಕ್ಷಗಳಲ್ಲಿದೆ. ಇವೆರಡನ್ನೂ ಮೊದಲೇ ಕೂತು ಕೇಳಿ. ಟ್ರಯಲ್‌ಗೆ ಸೇರಿ ಅಂದರೂ ಗಾಬರಿ ಬೇಡ. ಇಂಥ ಪರೀಕ್ಷೆಗೆ ರೋಗಿಗಳ ಹಿತ ನೋಡುವ ಎಥಿಕ್ಸ್ ಕಮಿಟಿ ಒಪ್ಪಿರಬೇಕು, ನಿಮ್ಮ ಸಹಿ ಬೇಕು, ಬೇಡ ಅನಿಸಿದ ದಿನ ಹೊರಬರಬಹುದು.

ಇನ್ನು ನೀವು ಕೇಳದಿದ್ದರೂ ಹೇಳಬೇಕಾದ ಮಾತೊಂದಿದೆ. ಮೆಲನೋಮ ಬಿಳಿಯರಿಗೆ ಹೆಚ್ಚಾಗಿ ಬಿಸಿಲು ಬೀಳುವ ಚರ್ಮದಲ್ಲಿ ಬರುತ್ತದೆ. ನಮ್ಮವರಿಗೆ ಜಾಸ್ತಿ ಕಾಣುವುದು ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ. ಎರೆಹೊಲದಲ್ಲಿ ಬರಿಗಾಲಲ್ಲಿ ಓಡಾಡುವ ಜನ ಅದನ್ನು ಆಣಿ ಅಂತಲೋ, ಮುಳ್ಳು ಮುರಿದದ್ದು ಅಂತಲೋ ಬ್ಲೇಡಿನಲ್ಲಿ ಹೆರೆಯುತ್ತಾರೆ. ಹಾಗೆ ಮಾಡಬೇಡಿ. ಅಂಚು ಅಂಕುಡೊಂಕಾದ, ಬೆಳೆಯುತ್ತಿರುವ ಕಪ್ಪು ಕಲೆ, ಅಥವಾ ಒಂದೇ ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ ಕಂಡರೆ ಚರ್ಮದ ಡಾಕ್ಟರಿಗೆ ತೋರಿಸಿ. ಕಬ್ಬು ಕಡಿಯೋದು ಮುಗೀಲಿ ಅಂತ ಕಾಯಬೇಡಿ.