ರಾಟ್ ಐರನ್‌ನಲ್ಲಿರುವ ‘ರಾಟ್’ ಎಲ್ಲಿಂದ ಬಂತು?

ಮನೆ ಕಟ್ಟಿಸಿದವರು ಗೇಟ್, ಗ್ರಿಲ್ ಮಾಡಿಸುವಾಗ ‘ರಾಟ್ ಐರನ್’ ಅನ್ನುವ ಹೆಸರು ಕೇಳಿರುತ್ತೀರಿ. ಇಂಗ್ಲಿಷ್‌ನಲ್ಲಿ ಬರೆದರೆ ಈ ರಾಟ್ ಡಬ್ಲ್ಯೂದಿಂದ ಶುರುವಾಗುತ್ತದೆ, ಕೊನೆಯ ಟಿಗೆ ಮುಂಚೆ ಜಿ, ಎಚ್ ಬರುತ್ತವೆ, ಹೇಳುವಾಗ ಮಾತ್ರ ಈ ಮೂರೂ ಕೇಳಿಸುವುದಿಲ್ಲ. ಕೊಳೆಯುವ ರಾಟ್‌ಗೂ ಇದಕ್ಕೂ ಸಂಬಂಧವಿಲ್ಲ. ಇದು ‘ವರ್ಕ್’ ಕ್ರಿಯಾಪದದ ಹಳೆಯ ಭೂತಕಾಲದ ರೂಪ.

ಅಂದರೆ ರಾಟ್ ಐರನ್ ಎಂದರೆ ಕೆಲಸ ಮಾಡಿಸಿಕೊಂಡ ಕಬ್ಬಿಣ. ಕಾಯಿಸಿ, ಸುತ್ತಿಗೆಯಿಂದ ಬಡಿದು ಬಡಿದು ಹದ ಮಾಡಿದ್ದು. ಅಚ್ಚಿಗೆ ಸುರಿದು ಮಾಡುವ ಎರಕದ ಕಬ್ಬಿಣದಲ್ಲಿ ಇಂಗಾಲ ಶೇ. 2ಕ್ಕಿಂತ ಜಾಸ್ತಿ ಇರುತ್ತದೆ, ಅದು ಪೆಟ್ಟು ಬಿದ್ದರೆ ಬಾಗದೆ ಒಡೆಯುತ್ತದೆ. ರಾಟ್ ಐರನ್‌ನಲ್ಲಿ ಇಂಗಾಲ ತೀರಾ ಕಡಿಮೆ, ಸಾಮಾನ್ಯವಾಗಿ ಶೇ. 0.1ಕ್ಕಿಂತ ಕೆಳಗೆ, ಅದಕ್ಕೇ ಬಾಗುತ್ತದೆ. ದೆಹಲಿಯ ಕಬ್ಬಿಣದ ಕಂಬ ಈ ಜಾತಿಯದು, 1889ರ ಐಫೆಲ್ ಗೋಪುರವೂ ಇದೇ ಜಾತಿಯದು. ಈಗ ಅದೇ ಹೆಸರಲ್ಲಿ ಮಾರುವ ಗೇಟುಗಳು ಬಹುಪಾಲು ಮೈಲ್ಡ್ ಸ್ಟೀಲ್.

ಸರಿ, ವರ್ಕ್ ಎಲ್ಲಿ, ರಾಟ್ ಎಲ್ಲಿ? ನನಗೆ ತುಂಬ ಇಷ್ಟವಾಗುವ ಭಾಗ ಇದು. ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲಿ ಇದರ ಭೂತಕಾಲ ಹೆಚ್ಚುಕಡಿಮೆ ‘ವೊರ್‌ಖ್ತೆ’ ಎಂದು ಕೇಳಿಸುತ್ತಿತ್ತು. ಭೂತಕಾಲಕ್ಕೆ ‘ತ’ ಸೇರಿಸುವುದು ಅಲ್ಲಿ ಮಾಮೂಲಿ ಕ್ರಮ, ಈಗಿನ ‘ವರ್ಕ್ಡ್’ನ ಕೊನೆಯಲ್ಲಿ ಇರುವುದೂ ಅದೇ ಪ್ರತ್ಯಯ. ಆದರೆ ‘ಕ’ದ ಪಕ್ಕದಲ್ಲಿ ‘ತ’ ಬಂದಾಗ ‘ಕ’ ಗಂಟಲಿನಲ್ಲಿ ಉಜ್ಜುವ ಒಂದು ಸದ್ದಾಗಿ ಬದಲಾಗುತ್ತಿತ್ತು. ಸೀಕ್‌ನಿಂದ ಸಾಟ್, ಥಿಂಕ್‌ನಿಂದ ಥಾಟ್, ಟೀಚ್‌ನಿಂದ ಟಾಟ್, ಇವೂ ಅದೇ ದಾರಿಯಲ್ಲಿ ಬಂದವು. ಶಾಲೆಯಲ್ಲಿ ನಾವು ನಿಯಮವಿಲ್ಲದ ಕ್ರಿಯಾಪದಗಳು ಎಂದು ಉರು ಹೊಡೆದ ಇವುಗಳ ಹಿಂದೆ ಅಚ್ಚುಕಟ್ಟಾದ ನಿಯಮವೇ ಇತ್ತು! ನಮ್ಮಲ್ಲಿ ಬಿಡು ‘ಬಿಟ್ಟ’ ಆಗುವ ಹಾಗೆ, ಸುಡು ‘ಸುಟ್ಟ’ ಆಗುವ ಹಾಗೆ.

ಆಮೇಲೆ ‘ರ’ ಜಾಗ ಬದಲಿಸಿತು. ಸ್ವರದ ಹಿಂದೆ ಇದ್ದದ್ದು ಮುಂದಕ್ಕೆ ಜಿಗಿದು, ‘ವೊರ್‌ಖ್ತೆ’ ಹೋಗಿ ‘ವ್ರೊಖ್ತ್’ ಥರದ್ದಾಯಿತು. ಇಂಗ್ಲಿಷ್‌ನಲ್ಲಿ ಇದು ಅಪರೂಪವೇನಲ್ಲ. ಈಗಿನ ‘ಬರ್ಡ್’ ಹಿಂದೆ ‘ಬ್ರಿಡ್’ ಆಗಿತ್ತು, ‘ಥರ್ಡ್’ ಅನ್ನು ‘ಥ್ರಿಡ್ಡ’ ಅನ್ನುತ್ತಿದ್ದರು. ಮುಂದೆ ಆ ಗಂಟಲಿನ ಸದ್ದು ಹೋಯಿತು, ಮೊದಲಿನ ‘ವ’ ಕೂಡ ಹೋಯಿತು. ಕಾಗುಣಿತ ಮಾತ್ರ ಹಾಗೇ ಉಳಿಯಿತು.

‘ವರ್ಕ್ಡ್’ 15ನೇ ಶತಮಾನದಲ್ಲಿ ಬಳಕೆಗೆ ಬಂದು ನಿಧಾನವಾಗಿ ರಾಟ್‌ನ ಜಾಗ ಹಿಡಿಯಿತು. ಸಾಮಾನ್ಯವಾಗಿ ಅಪರೂಪದ ಕ್ರಿಯಾಪದಗಳೇ ಮೊದಲು ನಿಯಮಕ್ಕೆ ಬಗ್ಗುತ್ತವೆ, ದಿನಾ ಬಾಯಲ್ಲಿರುವವು ಹಳೆಯ ರೂಪ ಬಿಡುವುದಿಲ್ಲ. ವರ್ಕ್ ದಿನಾ ಬೇಕಾಗುವ ಮಾತು, ಆದರೂ ಬಿಟ್ಟಿತು. ‘ರ’ ಜಿಗಿದ ಮೇಲೆ ಎರಡೂ ರೂಪಗಳು ಒಂದೇ ಮನೆಯವು ಎಂದು ಕಿವಿಗೆ ಗೊತ್ತಾಗದೆ ಹೋದದ್ದೂ ಒಂದು ಕಾರಣ ಇರಬೇಕು ಅನ್ನಿಸುತ್ತದೆ.

ಹಾಗಂತ ರಾಟ್ ಸತ್ತಿಲ್ಲ. 1844ರ ಮೇ 24ರಂದು ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ಕಳಿಸಿದ ಹೆಸರಾಂತ ಟೆಲಿಗ್ರಾಫ್ ಸಂದೇಶ ‘ವಾಟ್ ಹ್ಯಾತ್ ಗಾಡ್ ರಾಟ್’, ದೇವರು ಎಂಥಾ ಕೆಲಸ ಮಾಡಿದ್ದಾನೆ ಅಂತ. ಬೈಬಲಿನ ಸಾಲು ಅದು. ಈಗಲೂ ಚಂಡಮಾರುತದ ಸುದ್ದಿಯಲ್ಲಿ ‘ರಾಟ್ ಹ್ಯಾವಕ್’, ಅಂದರೆ ಭಾರೀ ಹಾನಿ ಮಾಡಿತು, ಎಂದು ಬರೆಯುತ್ತಾರೆ. ಇದು ‘ರೀಕ್’ ಕ್ರಿಯಾಪದದ ಭೂತಕಾಲ ಎಂದು ಬಹಳ ಜನ ತಿಳಿದಿದ್ದಾರೆ, ಅಲ್ವಾ? ಅಲ್ಲ. ರೀಕ್ ಬೇರೆಯೇ ಕ್ರಿಯಾಪದ, ಹಿಂದೆ ಅದಕ್ಕೆ ಸೇಡು ತೀರಿಸಿಕೊಳ್ಳುವುದು ಅನ್ನುವ ಅರ್ಥ ಇತ್ತು.

ಇನ್ನೂ ಹಿಂದಕ್ಕೆ ಹೋದರೆ ವರ್ಕ್‌ಗೂ ಗ್ರೀಕಿನ ‘ಎರ್ಗೊನ್’ಗೂ ಒಂದೇ ಬೇರು. ಆ ಎರ್ಗೊನ್‌ನಿಂದಲೇ ‘ಎನರ್ಜಿ’ ಬಂದಿದೆ, ಹಾಗಾಗಿ ಭೌತಶಾಸ್ತ್ರದ ಪಾಠದಲ್ಲಿ ಜೊತೆಗೇ ಬರುವ ವರ್ಕ್ ಮತ್ತು ಎನರ್ಜಿ ಹುಟ್ಟಿನಿಂದಲೂ ನೆಂಟರು. ‘ಸರ್ಜರಿ’ ಕೂಡ ಅದೇ ಬಳಗದ್ದು, ಗ್ರೀಕಿನಲ್ಲಿ ಅದರ ಮೂಲ ಅರ್ಥ ಕೈಕೆಲಸ. ಇನ್ನು ವಿಮಾನ ಹಾರಿಸಿದ ರೈಟ್ ಸಹೋದರರ ಮನೆತನದ ಹೆಸರು ‘ರಾಟ್’ನ ಖಾಸಾ ಸಂಬಂಧಿ. ಹಳೆಯ ಇಂಗ್ಲಿಷ್‌ನಲ್ಲಿ ‘ರೈಟ್’ ಅಂದರೆ ಕೈಯಿಂದ ವಸ್ತುಗಳನ್ನು ಮಾಡುವ ಕಸುಬಿನವನು. ಹಡಗು ಕಟ್ಟುವವನು ಶಿಪ್‌ರೈಟ್, ಗಾಡಿ ಮಾಡುವವನು ಕಾರ್ಟ್‌ರೈಟ್. ಪ್ಲೇರೈಟ್‌ನಲ್ಲಿ ಇರುವುದೂ ಈ ರೈಟೇ, ಬರೆಯುವ ರೈಟ್ ಅಲ್ಲ.